ಕಾಂಬೊ, ಪೆಟ್ಟಿಗೆ, ಡಬ್ಬ: ನನ್ನ ಬೇಸ್ ಗಿಟಾರಿಗೆ ಮೂರು ದಾರಿ

ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ ಬೇಸ್, ಅಂದರೆ ಹಾಡಿನ ತಗ್ಗು ಸ್ವರ, ಕೀಬೋರ್ಡಿನವರ ಎಡಗೈ ಕೆಲಸ. ಅದಕ್ಕೇ ಅಂತ ಗಿಟಾರ್ ಹಿಡಿದು ಒಬ್ಬ ಆಳು ನಿಲ್ಲುವ ತಂಡ ಕಡಿಮೆ. ಹಾಗಾಗಿ ನಾನು ಬೇಸ್ ಹೆಗಲಿಗೇರಿಸಿ ವೇದಿಕೆ ಹತ್ತಿದಾಗಲೆಲ್ಲ ಸೌಂಡ್ಸ್ ಹುಡುಗರು ಕೇಳುವುದು ಒಂದೇ ಪ್ರಶ್ನೆ: "ಅಣ್ಣ, ಇದುನ್ನ ಎಲ್ಲಿಗ್ ಸಿಗಿಸ್ಲಿ?"

ಹನ್ನೆರಡು ವರ್ಷವಾದರೂ ಇದಕ್ಕೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ. ಹೋದ ಗಣೇಶನ ಹಬ್ಬದಿಂದ ಈ ಗಣೇಶನ ಹಬ್ಬದವರೆಗೆ ಮೂರು ಕಡೆ ಸಿಗಿಸಿ ನೋಡಿದೆ. ಅಂಗಡಿಯಿಂದ ತಂದ ಕಾಂಬೊ ಆಂಪ್ (ಸದ್ದು ಏರಿಸುವ ಯಂತ್ರ) ಒಂದು. ಆಚಾರಿಯ ಕೈಲಿ ಮಾಡಿಸಿದ ಸ್ಪೀಕರ್ ಪೆಟ್ಟಿಗೆ ಇನ್ನೊಂದು. ಮನೆಯಲ್ಲೇ ಬೆಸುಗೆ ಹಾಕಿ ಮಾಡಿದ ಡಿಐ ಬಾಕ್ಸ್, ಅಂದರೆ ಗಿಟಾರಿನ ಸ್ವರವನ್ನು ಮಿಕ್ಸರಿಗೆ ಒಪ್ಪುವ ಹಾಗೆ ಮಾಡಿ ಕಳಿಸುವ ಡಬ್ಬ, ಮೂರನೆಯದು. ವಾರಪೂರ್ತಿ ಮೈಸೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ, ಶನಿವಾರ ಭಾನುವಾರ ಬಾರಿಸುವುದು. ಊರೂರು ತಿರುಗಿ, ಬೇರೆಯವರ ಸೌಂಡ್ ಸಿಸ್ಟಮ್‌ನಲ್ಲಿ ಬಾರಿಸುವವನ ಲೆಕ್ಕ ಇದು. ಸ್ಟುಡಿಯೊದವರ ಲೆಕ್ಕ ಬೇರೆ ಇರಬಹುದು.

ಗಿಟಾರಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ನನ್ನದು ಪ್ರಿಸಿಷನ್ ಮಾದರಿ, ನಾಲ್ಕು ತಂತಿ, 34 ಇಂಚಿನ ಸ್ಕೇಲ್ (ತಂತಿ ಮಿಡಿಯುವ ಉದ್ದ). ಫೆಂಡರ್ ಕಂಪನಿ 1951ರಲ್ಲಿ ತಂದ ನಮೂನೆ. 1957ರಲ್ಲಿ ಅದರ ಪಿಕಪ್ಪನ್ನು, ಅಂದರೆ ತಂತಿಯ ಮಿಡಿತವನ್ನು ಕರೆಂಟಾಗಿಸುವ ಭಾಗವನ್ನು, ಎರಡು ತುಂಡು ಮಾಡಿದರು. ಒಂದು ತುಂಡಿನಲ್ಲಿ ಬರುವ ಹಮ್ಮನ್ನು (ಸುತ್ತಲಿನ ಕರೆಂಟಿನ ಗುಂಯ್ ಸದ್ದನ್ನು) ಇನ್ನೊಂದು ಹೊಡೆದುಹಾಕುತ್ತದೆ. 1960ರ ಜಾಝ್ ಬೇಸ್‌ನಲ್ಲಿ ಎರಡು ಪಿಕಪ್. ಎರಡನ್ನೂ ಪೂರ್ತಿ ತೆರೆದಿಟ್ಟರೆ ಹಮ್ ಇಲ್ಲ. ಒಂದನ್ನು ಇಳಿಸಿದರೆ ಶುರು. ಗೆಳೆಯನ ಜಾಝ್ ಬೇಸನ್ನು ಎರಡು ತಿಂಗಳು ಇಟ್ಟುಕೊಂಡಿದ್ದೆ. ಕುತ್ತಿಗೆ ಸಪೂರ, ಬೆರಳಿಗೆ ಬಹಳ ಹಿತ. ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಸೀರಿಯಲ್ ಸೆಟ್ ಸುತ್ತಿದ ಪೆಂಡಾಲಿನಲ್ಲಿ ಹಿಂದಿನ ಪಿಕಪ್ ಒಂದನ್ನೇ ಇಟ್ಟು ಬಾರಿಸಿದೆ, ಗುಂಯ್ ಅಂತ ಹಿಡಿದುಕೊಂಡಿತು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಮಿಡಿತ. ಬೇಸಿನ ಅತಿ ತಗ್ಗಿನ ತಂತಿ ಇ, ಅದರ ಮೂರನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಮೆಟ್ಟಿಲಿನ) ಜಿ ಸ್ವರ 49 ಹರ್ಟ್ಸ್. ಅಂದರೆ ಆ ಹಮ್ಮು ನನ್ನ ಜಿ ಪಕ್ಕದಲ್ಲೇ ಕೂತು ಒಂಚೂರು ಅಪಸ್ವರದಲ್ಲಿ ರಾಗ ಎಳೆಯುತ್ತಿರುತ್ತದೆ! ದಸರಾದಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಎಲ್ಲರೂ ಆಹಾ ಅನ್ನುತ್ತಾರೆ, ನನಗೆ ಪಿಕಪ್ಪಿನ ಚಿಂತೆ. ಪೆಂಡಾಲಿಗೆ ಪ್ರಿಸಿಷನ್ನೇ ಸರಿ.

ಇನ್ನು ಕಾಂಬೊ. ಆಂಪೂ ಸ್ಪೀಕರೂ ಒಂದೇ ಡಬ್ಬದಲ್ಲಿ ಇರುವಂಥದು. ನಾನು ಕೊಂಡಿದ್ದು 60 ವ್ಯಾಟಿನದು, 10 ಇಂಚಿನ ಸ್ಪೀಕರ್, ಸೆಕೆಂಡ್ ಹ್ಯಾಂಡ್, 9,000 ರೂಪಾಯಿ. ಮನೆಯಲ್ಲಿ ಅಭ್ಯಾಸಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ವೈರು ಚುಚ್ಚು, ಬಾರಿಸು. ವೇದಿಕೆಯಲ್ಲಿ ಮಾತ್ರ ಮಾನ ಕಳೆಯಿತು. ಪಕ್ಕದಲ್ಲಿ ರಿದಮ್ ಪ್ಯಾಡ್, ಆ ಕಡೆ ಡೋಲಕ್, ಎದುರಿಗೆ ಆಳೆತ್ತರದ ಸ್ಪೀಕರ್ ಸಾಲು. ನನ್ನ 10 ಇಂಚು ಏನು ಹೇಳುತ್ತಿದೆ ಅಂತ ನನಗೇ ಕೇಳಲಿಲ್ಲ. ವಾಲ್ಯೂಮ್ ಜಾಸ್ತಿ ಮಾಡಿದರೆ ಸ್ವರ ಒಡೆಯಿತು.

ಆಗ ಅಂಗಡಿಯವರು 120 ವ್ಯಾಟಿನದು ತಗೊಳ್ಳಿ ಅಂದರು. ಇಲ್ಲೇ ತುಂಬಾ ಜನ ಮೋಸ ಹೋಗುವುದು. ವ್ಯಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ. ಬರೀ 3 ಡೆಸಿಬಲ್ ಏರುತ್ತದೆ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ಅಂದರೆ ವ್ಯಾಟ್ ಹತ್ತು ಪಟ್ಟಾಗಬೇಕು. ಅದರ ಬದಲು ದೊಡ್ಡ ಸ್ಪೀಕರ್, ದೊಡ್ಡ ಪೆಟ್ಟಿಗೆ ಮೇಲು. ತಗ್ಗು ಸ್ವರ ಬೇಕು, ಸದ್ದೂ ಜೋರಿರಬೇಕು, ಪೆಟ್ಟಿಗೆ ಮಾತ್ರ ಪುಟ್ಟದಿರಬೇಕು ಅಂದರೆ ನಡೆಯುವುದಿಲ್ಲ. ಮೂರರಲ್ಲಿ ಒಂದನ್ನು ಬಿಡಲೇಬೇಕು.

ಹಾಗಾಗಿ ಪುಟ್ಟದು ಅನ್ನುವುದನ್ನು ಬಿಟ್ಟೆ. 12 ಇಂಚಿನ, 8 ಓಮಿನ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ), 250 ವ್ಯಾಟಿನ ಸ್ಪೀಕರ್ ತರಿಸಿದೆ. ಪೆಟ್ಟಿಗೆಯ ಒಳಅಳತೆ 50, 40, 30 ಸೆಂಟಿಮೀಟರ್. ಗುಣಿಸಿದರೆ 60 ಲೀಟರ್. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ಮಾಡಿದರೆ ಅಗ್ಗ, ಆದರೆ ಭಾರ. 18 ಮಿಲಿಮೀಟರಿನ ಒಂದು ಪೂರ್ತಿ ಹಾಳೆ ಹತ್ತಿರ ಹತ್ತಿರ 40 ಕೆಜಿ ತೂಗುತ್ತದೆ. ಮೇಲಿಂದ ಮಳೆನೀರು ಬಿದ್ದರೆ ಅಂಚು ಹಪ್ಪಳದ ಹಾಗೆ ಉಬ್ಬುತ್ತದೆ. ಗಣೇಶನ ಹಬ್ಬದಲ್ಲಿ ಮಳೆ ತಪ್ಪಿದ್ದುಂಟೇ? ಪ್ಲೈವುಡ್ಡೇ ಹಾಕಿಸಿದೆ.

ನಮ್ಮ ಬೀದಿಯ ಆಚಾರಿಯವರು ಅಡುಗೆಮನೆ ಶೆಲ್ಫು, ದೇವರ ಮಂಟಪ ಮಾಡುವವರು. ನಕ್ಷೆ ತಿರುಗಿಸಿ ಮುರುಗಿಸಿ ನೋಡಿದರು. "ಸಾರ್, ಎಲ್ಲಾ ಕಡೆ ಮುಚ್ಚಿ ಎರಡು ತೂತು ಬಿಡಿ ಅಂತೀರಲ್ಲ, ಇದೇನು ಪಾರಿವಾಳಕ್ಕಾ?" ಒಂದು ತೂತು ಸ್ಪೀಕರಿಗೆ, ಇನ್ನೊಂದು ಗಾಳಿ ಪೈಪಿಗೆ ಆಚಾರ್ರೇ ಅಂದೆ. ಒಳಗಿನ ಎಲ್ಲ ಕೂಡುವಿಕೆಗೂ ಫೆವಿಕಾಲ್ ತುಂಬಿ, ಸ್ಕ್ರೂ ಹಾಕಿ, ಒಂದು ರಾತ್ರಿ ಕ್ಲಾಂಪಿನಲ್ಲಿ ಬಿಟ್ಟರು. ಕೆಲಸ ಅಂದರೆ ಅದು. ಮೂಲೆಗೆ ಹಗ್ಗ ಹಿಡಿದಷ್ಟು ನೇರ.

ಗಾಳಿ ಪೈಪಿಗೆ ನಾಲ್ಕು ಇಂಚಿನ ಪಿವಿಸಿ. ಬಚ್ಚಲಿಗೆ ಹಾಕುವುದೇ. ಪೆಟ್ಟಿಗೆಯೊಳಗಿನ ಗಾಳಿ, ಪೈಪಿನೊಳಗಿನ ಗಾಳಿ ಎರಡೂ ಸೇರಿ ಒಂದು ಸ್ವರಕ್ಕೆ ಮಿಡಿಯುತ್ತವೆ. ಖಾಲಿ ಬಾಟಲಿ ಬಾಯಿಗೆ ಊದಿದರೆ ಹೂಂ ಅನ್ನುತ್ತದಲ್ಲ, ಅದೇ ಲೆಕ್ಕ. ಪೈಪ್ ಉದ್ದವಾದಷ್ಟೂ ಸ್ವರ ತಗ್ಗು. ಮೊದಲು 20 ಸೆಂಟಿಮೀಟರ್ ಹಾಕಿದೆ. ಲೆಕ್ಕದ ಪ್ರಕಾರ ಸುಮಾರು 38 ಹರ್ಟ್ಸ್. ಬೇಸಿನ ಬಿಡಿ ಇ ತಂತಿಯೇ 41 ಹರ್ಟ್ಸ್. ಆಹಾ, ಅದಕ್ಕಿಂತ ಕೆಳಗೆ ಹೋದೆ ಅಂತ ಹಿಗ್ಗಿದೆ. ಬಾರಿಸಿದರೆ ಸ್ವರ ಗಟ್ಟಿ ಇಲ್ಲ, ಜೊಳ್ಳು. ಕಾಗದದ ಮೇಲೆ ತಗ್ಗು ಇತ್ತು, ಎದೆಗೆ ತಟ್ಟುವ ಭಾಗ ಇರಲಿಲ್ಲ. ಹ್ಯಾಕ್ಸಾ ಬ್ಲೇಡ್ ಹಿಡಿದು ಐದು ಸೆಂಟಿಮೀಟರ್ ಕೊಯ್ದೆ. ಬಾರಿಸಿದೆ. ಇನ್ನೂ ಐದು ಕೊಯ್ದೆ. ಈಗ 10 ಸೆಂಟಿಮೀಟರ್, ಸುಮಾರು 48 ಹರ್ಟ್ಸ್. ಆಗ ಬಂತು ನೋಡಿ. ಎ ತಂತಿ ಬಾರಿಸಿದರೆ ಬಾಗಿಲಿನ ಚಿಲಕ ಅಲ್ಲಾಡಿತು. ಐದು ತಂತಿಯ ಬೇಸಿನವರು ಇದನ್ನೇ ಮಾಡಬೇಡಿ. ಅದರ ಬಿ ತಂತಿ 31 ಹರ್ಟ್ಸ್. ಪೈಪಿನ ಸ್ವರಕ್ಕಿಂತ ಅಷ್ಟು ಕೆಳಗೆ ಹೋದರೆ ಸ್ಪೀಕರಿನ ಕೋನ್ ಹಿಡಿತವಿಲ್ಲದೆ ಕುಣಿಯುತ್ತದೆ.

ಮೂರನೇ ದಿನ ಒಂದು ಬುರ್‌ಬುರ್ ಸದ್ದು ಶುರುವಾಯಿತು. ಸ್ಪೀಕರೇ ಹೋಯಿತು ಅಂತ ಎದೆ ಒಡೆದುಕೊಂಡೆ. ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸುತ್ತ ಹಿಡಿದು, ಹೆಂಡತಿಗೆ ಇ ತಂತಿ ಮೀಟಲು ಹೇಳಿದೆ. ಹಿಂದೆ ವೈರಿನ ಜಾಕ್ ಹತ್ತಿರ ಹೊಗೆ ಪುಸ್ ಪುಸ್ ಅಂತ ಚೆದುರಿತು. ಅಲ್ಲೊಂದು ಕೂದಲೆಳೆ ಸಂದು. ಒಂದು ಚೂರು ಎಂಸೀಲ್, ಮುಗಿಯಿತು. "ಪೂಜೆ ಆಯ್ತಾ?" ಅಂದಳು.

ಇನ್ನೊಂದು ತೊಂದರೆ ಪೆಟ್ಟಿಗೆಯದಲ್ಲ, ಕೋಣೆಯದು. ನನ್ನ ಕೋಣೆ 12 ಅಡಿ ಉದ್ದ. ಆ ಉದ್ದಕ್ಕೆ 47 ಹರ್ಟ್ಸ್ ಆಸುಪಾಸಿನ ಸ್ವರ ಗೋಡೆಯಿಂದ ಗೋಡೆಗೆ ತಿರುಗಿ ತಿರುಗಿ ಮೊರೆಯುತ್ತದೆ. ಇ ತಂತಿಯ ಎರಡನೇ, ಮೂರನೇ ಫ್ರೆಟ್ ಮಾತ್ರ ಅಬ್ಬರ, ಉಳಿದವು ಮೆತ್ತಗೆ. ಪೆಟ್ಟಿಗೆಯನ್ನು ಮೂಲೆಯಿಂದ ಮೂರಡಿ ಈಚೆ ಎಳೆದ ಮೇಲೆ ಸುಮಾರಾಗಿ ತಗ್ಗಿತು. ಮನೆಯಲ್ಲಿ ಕೇಳಿ ಪೆಟ್ಟಿಗೆಗೆ ಅಂಕ ಕೊಡಬೇಡಿ ಅನ್ನುವುದು ಇದಕ್ಕೇ.

ಪೆಟ್ಟಿಗೆಗೆ ಜೊತೆಯಾಗಿ ಕ್ಲಾಸ್ ಡಿ ಹೆಡ್ ಒಂದನ್ನು ಕೊಂಡೆ, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್. ಟಿಫಿನ್ ಕ್ಯಾರಿಯರಿಗಿಂತ ಹಗುರ. ಮೇಲೆ 300 ವ್ಯಾಟ್ ಅಂತ ಬರೆದಿದೆ, ಅದು 4 ಓಮಿಗೆ. ನನ್ನ ಒಂದೇ 8 ಓಮಿನ ಪೆಟ್ಟಿಗೆಗೆ ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇಂಥದೇ ಇನ್ನೊಂದು ಪೆಟ್ಟಿಗೆ ಸೇರಿಸಿದರೆ 4 ಓಮ್ ಆಗಿ ಪೂರ್ತಿ ಸಿಗುತ್ತದೆ. ಹೆಡ್ಡಿನಿಂದ ಪೆಟ್ಟಿಗೆಗೆ ಗಿಟಾರ್ ವೈರು ಹಾಕಬಾರದು. ಜಾಕ್ ಒಂದೇ ಥರ ಇರುವುದರಿಂದ ನಾನು ಒಂದು ಸಂಜೆ ಹಾಕಿಬಿಟ್ಟೆ. ಅರ್ಧ ಗಂಟೆಗೆ ವೈರು ಬೆಚ್ಚಗಾಗಿತ್ತು. ಒಳಗಿನ ತಂತಿ ದಾರದಷ್ಟು ತೆಳ್ಳಗೆ, ಪಾಪ.

ಸದ್ದಿನಲ್ಲಿ ಪೆಟ್ಟಿಗೆಯೇ ಗೆದ್ದಿತು. ಕಾಂಬೊ ಅದರ ಮುಂದೆ ಟ್ರಾನ್ಸಿಸ್ಟರ್ ರೇಡಿಯೊ. ಆದರೆ 17 ಕೆಜಿ. ಸ್ಕೂಟರಿನ ಮುಂದೆ ಇಟ್ಟರೆ ಕಾಲಿಗೆ ಜಾಗವಿಲ್ಲ. ಬಸ್ಸಿಗೆ ಹತ್ತಿಸಿದರೆ ಲಗೇಜ್ ಟಿಕೆಟ್, ಅದರ ಮೇಲೆ ನಿಂತವರ ಬೈಗುಳ. ಅಷ್ಟು ಕಷ್ಟಪಟ್ಟು ಮಂಡ್ಯಕ್ಕೆ ಒಯ್ದರೆ ಸೌಂಡ್ಸ್ ಹುಡುಗ ಅದನ್ನು ಒಂದು ಸಲ ನೋಡಿ ಹೇಳಿದ: "ಅಣ್ಣೋ, ಆ ಪೆಟ್ಗೆಯೆಲ್ಲಾ ಬ್ಯಾಡ ಕಣಣ್ಣ. ಒಂದ್ ವೈರ್ ಕೊಡು, ಸಾಕು."

ಅವನು ಹೇಳಿದ್ದು ಸರಿ. ಎರಡು ಸಾವಿರ ಜನಕ್ಕೆ ಕೇಳಿಸುವುದು ಅವನ ಸ್ಪೀಕರ್. ನನ್ನ ಪೆಟ್ಟಿಗೆ ಕೇಳುವುದು ನನಗೆ, ಡ್ರಮ್ಸಿನವನಿಗೆ. ಆದರೆ ಆ ಒಂದು ವೈರನ್ನು ಸುಮ್ನೆ ಮಿಕ್ಸರಿಗೆ ಚುಚ್ಚಿದರೆ ಸ್ವರಕ್ಕೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಬೇಸಿನ ಪಿಕಪ್ಪಿಗೆ ಎದುರುಗಡೆ ಲಕ್ಷಗಟ್ಟಲೆ ಓಮ್ ಬೇಕು. ಮಿಕ್ಸರಿನ ಲೈನ್ ಇನ್‌ಪುಟ್ ಕೊಡುವುದು ಹತ್ತಾರು ಸಾವಿರ ಅಷ್ಟೇ. ಮೇಲಿನ ಸ್ವರವೆಲ್ಲ ಅಲ್ಲೇ ಸಾಯುತ್ತದೆ. ಮೇಲೆ 20 ಮೀಟರ್ ಉದ್ದದ ವೈರು ದಾರಿಯುದ್ದಕ್ಕೂ ಹಮ್ ಹಿಡಿಯುತ್ತದೆ. ನಡುವೆ ಡಿಐ ಬಾಕ್ಸ್ ಬೇಕಾಗುವುದು ಇದಕ್ಕೆ. ಅದು ಒಂದೇ ಸ್ವರವನ್ನು ಮೈಕ್ ವೈರಿನ ಒಂದು ತಂತಿಗೆ ನೇರವಾಗಿ, ಇನ್ನೊಂದಕ್ಕೆ ತಲೆಕೆಳಗಾಗಿ ಕಳಿಸುತ್ತದೆ. ಎರಡರಲ್ಲೂ ಸಮನಾಗಿ ಹತ್ತಿಕೊಂಡ ಹಮ್ಮನ್ನು ಮಿಕ್ಸರ್ ಕಳೆದುಬಿಡುತ್ತದೆ.

ಎರಡು ಥರ ಮಾಡಿದೆ. ಒಂದು ಪ್ಯಾಸಿವ್. ಒಳಗೆ ಒಂದು ಟ್ರಾನ್ಸ್‌ಫಾರ್ಮರ್, ಎರಡು ಜಾಕ್, ಮೈಕ್ ವೈರು ಸಿಗಿಸುವ ಒಂದು ಎಕ್ಸ್‌ಎಲ್‌ಆರ್, ಅರ್ತ್ ಬಿಡಿಸುವ ಒಂದು ಸ್ವಿಚ್. ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಇನ್ನೊಂದು ಆಕ್ಟಿವ್. ಟಿಎಲ್072 ಐಸಿ, 10 ಲಕ್ಷ ಓಮಿನ ಇನ್‌ಪುಟ್, 9 ವೋಲ್ಟ್ ಬ್ಯಾಟರಿ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ಎರಡೂ ಸೇರಿ 3,000 ದಾಟಲಿಲ್ಲ. ಅದರಲ್ಲಿ ಅರ್ಧ ಟ್ರಾನ್ಸ್‌ಫಾರ್ಮರಿಗೇ ಹೋಯಿತು. ಅಲ್ಲಿ ಉಳಿಸಲು ಹೋಗಬಾರದು. ಮೊದಲು ಅಗ್ಗದ್ದೊಂದು ಹಾಕಿದ್ದೆ. ಜೋರಾಗಿ ಮೀಟಿದರೆ ಬಿಡಿ ಇ ತಂತಿ ರಾಗಿ ಅಂಬಲಿಯಾಗುತ್ತಿತ್ತು.

ಆಕ್ಟಿವ್ ಡಬ್ಬದಲ್ಲಿ ಒಂದು ಜಾಣತನವಿದೆ. ಬ್ಯಾಟರಿಗೆ ಬೇರೆ ಸ್ವಿಚ್ ಇಲ್ಲ. ಸ್ಟೀರಿಯೊ ಜಾಕ್ ಹಾಕಿ, ಗಿಟಾರಿನ ವೈರು ಚುಚ್ಚಿದಾಗ ಮಾತ್ರ ಬ್ಯಾಟರಿ ಸೇರುವ ಹಾಗೆ ಮಾಡುವುದು. ವೈರು ಚುಚ್ಚಿ ಮರೆತು ಮಲಗಿದರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ನನ್ನ ಪೆದ್ದುತನ ಅದಲ್ಲ, ಬೇರೆ. ಔಟ್‌ಪುಟ್ಟಿನಲ್ಲಿ 25 ವೋಲ್ಟ್ ಮಾತ್ರ ತಡೆಯುವ ಕೆಪಾಸಿಟರ್ ಹಾಕಿದ್ದೆ. ಶ್ರೀರಂಗಪಟ್ಟಣದ ಒಂದು ಮದುವೆಯಲ್ಲಿ ಕೊಳಲಿನವರ ಮೈಕಿಗೆ ಅಂತ ಮಿಕ್ಸರಿನವನು ಫ್ಯಾಂಟಮ್ ಒತ್ತಿದ, ಅಂದರೆ ಮೈಕ್ ವೈರಿನಲ್ಲೇ ಮೈಕಿಗೆ ಕರೆಂಟು ಕಳಿಸುವ ಬಟನ್. ಆ ಮಿಕ್ಸರಿನಲ್ಲಿ ಎಲ್ಲ ಚಾನೆಲ್ಲಿಗೂ ಒಂದೇ ಬಟನ್. 48 ವೋಲ್ಟ್ ನನ್ನ ಡಬ್ಬಕ್ಕೂ ನುಗ್ಗಿತು. ಆರತಿಯ ಹೊತ್ತಿಗೆ ಬೇಸಿನಿಂದ ಚಟಪಟ ಸಾಸಿವೆ ಸಿಡಿದ ಸದ್ದು. ಮನೆಗೆ ಬಂದು 63 ವೋಲ್ಟಿನದು, ಪ್ಲಸ್ ತುದಿ ಎಕ್ಸ್‌ಎಲ್‌ಆರ್ ಕಡೆಗೆ ಬರುವ ಹಾಗೆ ಹಾಕಿದೆ. ಅಂದಿನಿಂದ ಕಾಟವಿಲ್ಲ.

ಎರಡನ್ನೂ ಒಂದೇ ಮಿಕ್ಸರ್, ಒಂದೇ ಚಾನೆಲ್‌ಗೆ ಹಾಕಿ ಅದೇ ನಾಲ್ಕು ಸಾಲು ಬಾರಿಸಿ ನೋಡಿದೆ. ಆಕ್ಟಿವ್‌ನಲ್ಲಿ ಬೆರಳು ತಂತಿಗೆ ತಾಗುವ ಟಿಕ್ ಕೂಡ ಕೇಳುತ್ತದೆ. ಪ್ಯಾಸಿವ್‌ನಲ್ಲಿ ಅದು ಒಂದು ಮೆಟ್ಟಿಲು ಹಿಂದೆ. ಹಳೆಯ ಸಿನಿಮಾ ಹಾಡಿಗೆ ನಿಜ ಹೇಳಬೇಕೆಂದರೆ ಪ್ಯಾಸಿವ್ವೇ ಒಪ್ಪುತ್ತದೆ. ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್ ತಂತಿ ಹಾಕಿದ್ದರಂತೂ ಎರಡರ ನಡುವೆ ವ್ಯತ್ಯಾಸ ಹುಡುಕಬೇಕು. ಹೊಸ ಹಾಡು, ಹೆಬ್ಬೆರಳಿನಿಂದ ತಂತಿ ಬಡಿಯುವ ಸ್ಲ್ಯಾಪ್ ಇದ್ದರೆ ಆಕ್ಟಿವ್. ಆದರೆ ಜನರೇಟರಿನಲ್ಲಿ ನಡೆಯುವ ಹಳ್ಳಿ ಕಾರ್ಯಕ್ರಮದಲ್ಲಿ ಬರ್ ಅಂತ ಸದ್ದು ಬಂದಾಗ ಕೈ ಹಿಡಿಯುವುದು ಟ್ರಾನ್ಸ್‌ಫಾರ್ಮರೇ. ಅರ್ತ್ ಸ್ವಿಚ್ ಆ ಕಡೆ ತಳ್ಳಿದರೆ ಗಪ್‌ಚಿಪ್.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಡಬ್ಬದಿಂದ ಹೋದ ಸ್ವರ ನನಗೆ ಕೇಳಬೇಕಾದರೆ ಮಾನಿಟರ್, ಅಂದರೆ ವೇದಿಕೆಯ ಮೇಲಿನವರ ಕಡೆಗೆ ತಿರುಗಿಸಿಟ್ಟ ಸ್ಪೀಕರ್, ಬೇಕು. ಮಾನಿಟರಿನಲ್ಲಿ ಗಾಯಕರ ಪಾಲು ಮೊದಲು, ಕೀಬೋರ್ಡಿನದು ಆಮೇಲೆ. ಬೇಸಿಗೆ ಉಳಿದರೆ ಉಂಟು. ಅಂಥ ಕಡೆ ಬೆನ್ನ ಹಿಂದೆ ನನ್ನ ಪೆಟ್ಟಿಗೆ ಇದ್ದಿದ್ದರೆ ಅನ್ನಿಸುವುದು ಸುಳ್ಳಲ್ಲ. ಹಾಗಾಗಿ ಕಲಾಮಂದಿರದಂಥ ಕಡೆ, ಊರೊಳಗೆ, ಆಟೊದಲ್ಲಿ ಹೋಗುವಷ್ಟು ದೂರವಿದ್ದರೆ ಪೆಟ್ಟಿಗೆ ಬರುತ್ತದೆ. ಮೈಸೂರು ದಾಟಿದರೆ ಇಲ್ಲ. ಮೊದಲ ಸಲ ದುಡ್ಡು ಹಾಕುವವರಿಗೆ ನಾನು ಹೇಳುವುದು ಡಬ್ಬವೇ. ಅದಾದ ಮೇಲೆ ಎರಡು ಒಳ್ಳೆ ವೈರು. ಪೆಟ್ಟಿಗೆ ಆಸೆಗೆ.

ಕಾಂಬೊವನ್ನು ಸರಸ್ವತಿಪುರಂನ ಒಬ್ಬ ಕಾಲೇಜು ಹುಡುಗನಿಗೆ 7,500ಕ್ಕೆ ಕೊಟ್ಟೆ. ಬರುವ ಭಾನುವಾರ ನಾಗಮಂಗಲದಲ್ಲಿ ಕಾರ್ಯಕ್ರಮ. ಬ್ಯಾಗಿನಲ್ಲಿ ಬೇಸು, ಎರಡು ಡಬ್ಬ, ಎರಡು ವೈರು, ಒಂದು ಹೊಸ ಬ್ಯಾಟರಿ. ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ, ಲಗೇಜ್ ಟಿಕೆಟ್ ಇಲ್ಲದೆ.