ಸೆಲ್ಫ್ ರಿಲೇ ಅಂಟಿಕೊಂಡ ಹಳೆಯ ಬೈಕು ಮತ್ತು ಹಾಸನದ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ

ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ, ಒಂದೇ ಷಟರ್ ಇರುವ ಆಟೋ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಕಳೆದ ಮಳೆಗಾಲದಲ್ಲಿ ನನ್ನ ಬೈಕಿನ ಸೆಲ್ಫ್ ರಿಲೇಯ, ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮೋಟರಿಗೆ ಬ್ಯಾಟರಿಯ ಕರೆಂಟು ಹರಿಸುವ ಸ್ವಿಚ್ಚಿನ, ತೊಂದರೆ ದುರಸ್ತಿಯಾಯಿತು. ಅಂಗಡಿಯ ಫಲಕದಲ್ಲಿ ಹೆಸರಿನ ಬಣ್ಣ ಪೂರ್ತಿ ಮಾಸಿದ್ದು, ವೈರಿಂಗ್, ಸೆಲ್ಫ್ ಮೋಟರ್, ಬ್ಯಾಟರಿ ಎಂಬ ಮೂರು ಪದಗಳು ಮಾತ್ರ ಓದಲು ಸಿಗುತ್ತವೆ. ಅಲ್ಲಿ ನಡೆದ ಕೆಲಸವನ್ನು ವಿವರವಾಗಿ ಬರೆಯಬೇಕೆನ್ನಿಸಿದ್ದಕ್ಕೆ ಕಾರಣವಿದೆ. ಇದೇ ತೊಂದರೆಗೆ ಒಂದೂವರೆ ವರ್ಷದಲ್ಲಿ ಎರಡು ಸಲ ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಹೊಸ ರಿಲೇ ಹಾಕಿಸಿದ್ದೆ. ಅದು ಯಾಕೆ ಹಾಳಾಗುತ್ತಿದೆ ಎಂದು ಅಲ್ಲಿ ಯಾರೂ ಪರೀಕ್ಷಿಸಿರಲಿಲ್ಲ.

ನನ್ನದು 2010ರ 350 ಸಿಸಿ ಟೂರಿಂಗ್ ಬೈಕು. ಕಿಕ್ಕರ್ ಮತ್ತು ಸೆಲ್ಫ್ ಎರಡೂ ಇವೆ. ಅಂದು ಮಂಗಳೂರಿನಿಂದ ಬರುವಾಗ ಗುಂಡ್ಯದಲ್ಲಿ ಹಿಡಿದ ಮಳೆ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟಿದರೂ ಬಿಟ್ಟಿರಲಿಲ್ಲ. ಬಾಳ್ಳುಪೇಟೆಯಲ್ಲಿ ನಿಂತು ಕಾಫಿ ಕುಡಿದು, ಹೊರಡಲು ಸೆಲ್ಫ್ ಒತ್ತಿದೆ. ಎಂಜಿನ್ ತಕ್ಷಣ ಸ್ಟಾರ್ಟ್ ಆಯಿತು, ಆದರೆ ಗುಂಡಿಯಿಂದ ಬೆರಳು ತೆಗೆದ ಮೇಲೂ ಸೆಲ್ಫ್ ಮೋಟರಿನ ಸದ್ದು ನಿಲ್ಲಲಿಲ್ಲ. ಕೀ ಆಫ್ ಮಾಡಿದರೆ ಎಂಜಿನ್ ಆರಿತೇ ಹೊರತು ಮೋಟರ್ ನಿಲ್ಲದೆ, ಆರಿದ ಎಂಜಿನನ್ನೇ ಗರಗರನೆ ತಿರುಗಿಸತೊಡಗಿತು. ಪಕ್ಕದ ಪ್ಯಾನೆಲ್ ಬಿಚ್ಚಿ, ಹತ್ತರ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚುವಷ್ಟರಲ್ಲಿ ಮೋಟರಿನ ಕಡೆಯಿಂದ ಸುಟ್ಟ ವಾರ್ನಿಶಿನ ವಾಸನೆ ಬರುತ್ತಿತ್ತು.

ಕೀ ಆಫ್ ಮಾಡಿದರೂ ಮೋಟರ್ ಯಾಕೆ ನಿಲ್ಲುವುದಿಲ್ಲ ಎಂಬುದು ಇಂಥ ಬೈಕು ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ ಸಂಗತಿ. ಬ್ಯಾಟರಿಯಿಂದ ರಿಲೇಗೆ, ರಿಲೇಯಿಂದ ಮೋಟರಿಗೆ ಹೋಗುವ ದಪ್ಪ ಕೇಬಲ್ ಕೀ ಸ್ವಿಚ್‌ನ ಮೂಲಕ ಹಾಯುವುದೇ ಇಲ್ಲ. ಕೀ ಮತ್ತು ಗುಂಡಿಯ ಹಿಡಿತದಲ್ಲಿರುವುದು ರಿಲೇಯೊಳಗಿನ ಕಾಯಿಲ್‌ಗೆ (ತಂತಿಯ ಸುರುಳಿಗೆ) ಹೋಗುವ ಕೆಲವೇ ಆಂಪಿಯರ್ ಕರೆಂಟು. ಆ ಕಾಯಿಲ್ ಅಯಸ್ಕಾಂತವಾಗಿ ಒಂದು ತಾಮ್ರದ ಬಿಲ್ಲೆಯನ್ನು ಎಳೆದು ಎರಡು ಬೋಲ್ಟ್‌ಗಳ ತಲೆಗೆ ಒತ್ತುತ್ತದೆ, ಆಗ ಬಿಲ್ಲೆಯ ಮೂಲಕ ಮೋಟರಿಗೆ ಬೇಕಾದ ಭಾರಿ ಕರೆಂಟು ಹರಿಯುತ್ತದೆ. ಗುಂಡಿ ಬಿಟ್ಟೊಡನೆ ಸ್ಪ್ರಿಂಗ್ ಆ ಬಿಲ್ಲೆಯನ್ನು ಹಿಂದಕ್ಕೆ ತಳ್ಳಬೇಕು. ಬಿಲ್ಲೆ ಬೋಲ್ಟ್‌ಗೆ ಬೆಸೆದುಕೊಂಡರೆ ಸ್ಪ್ರಿಂಗಿನ ಬಲ ಸಾಲುವುದಿಲ್ಲ, ಬ್ಯಾಟರಿ ಮತ್ತು ಮೋಟರಿನ ನಡುವಿನ ದಾರಿ ತೆರೆದೇ ಇರುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ನೆಗೆಟಿವ್ ಕೇಬಲ್ ಕಳಚುವುದು. ಸ್ಪ್ಯಾನರ್ ಸೀಟಿನ ಕೆಳಗೆ ಕೈಗೆ ಸಿಗುವಂತಿರಬೇಕು, ಲಗೇಜಿನ ತಳದಲ್ಲಿ ಅಲ್ಲ.

ಸ್ಕ್ರೂಡ್ರೈವರಿನ ಹಿಡಿಯಿಂದ ರಿಲೇಯನ್ನು ಮೆಲ್ಲಗೆ ನಾಲ್ಕು ಸಲ ತಟ್ಟಿದಾಗ ಒಳಗೆ ಟಕ್ ಎಂದು ಬಿಟ್ಟುಕೊಂಡ ಸದ್ದಾಯಿತು. ಅದು ಮತ್ತೆ ಕೂರದಂತೆ ಕಾಯಿಲ್‌ನ ಸಣ್ಣ ಪ್ಲಗ್ ಎಳೆದಿಟ್ಟು, ಕೇಬಲ್ ಮರಳಿ ಜೋಡಿಸಿ, ಕಿಕ್ಕರ್ ಹೊಡೆದು ಹಾಸನ ಸೇರಿದೆ. ಪೆಟ್ರೋಲ್ ಬಂಕಿನ ಹುಡುಗ ತೋರಿಸಿದ ಅಂಗಡಿ ಇದು.

ಅಂಗಡಿಯ ಯಜಮಾನರಿಗೆ ಅರವತ್ತು ದಾಟಿರಬಹುದು. ನಾನು "ರಿಲೇ ಹೋಗಿದೆ, ಹೊಸದು ಹಾಕಿಕೊಡಿ" ಎಂದಾಗ ಅವರು ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ನೆಗೆಟಿವ್ ಕೇಬಲ್‌ನ ಬೋಲ್ಟನ್ನು ಕೈಯಲ್ಲೇ ಕಳಚುವಷ್ಟು ಸಡಿಲ ಮಾಡಿಟ್ಟುಕೊಂಡು, ಗೇರ್ ನ್ಯೂಟ್ರಲ್ ಇದೆಯೇ ಎಂದು ಎರಡು ಸಲ ನೋಡಿ, ಕಾಯಿಲ್‌ನ ಪ್ಲಗ್ ಸಿಕ್ಕಿಸಿ ಗುಂಡಿ ಒತ್ತಿದರು. ಮೂರನೆಯ ಸಲಕ್ಕೆ ರಿಲೇ ಮತ್ತೆ ಅಂಟಿಕೊಂಡಿತು. ತಕ್ಷಣ ಆ ಸಣ್ಣ ಪ್ಲಗ್ಗನ್ನು ಎಳೆದರು. ಮೋಟರ್ ತಿರುಗುತ್ತಲೇ ಇತ್ತು. ಕೇಬಲ್ ಕಳಚಿದ ಮೇಲೆ ನನ್ನ ಕಡೆ ತಿರುಗಿ, ಪ್ಲಗ್ ಎಳೆದಾಗ ಮೋಟರ್ ನಿಂತಿದ್ದರೆ ದೋಷ ಹ್ಯಾಂಡಲ್ಲಿನ ಗುಂಡಿಯಲ್ಲೋ ಅದರ ವೈರಿನಲ್ಲೋ ಇರುತ್ತಿತ್ತು, ನಿಲ್ಲದ ಕಾರಣ ರಿಲೇಯ ಪಾಯಿಂಟೇ, ಅಂದರೆ ಬಿಲ್ಲೆ ಬೋಲ್ಟಿಗೆ ತಾಗುವ ಜಾಗವೇ, ಬೆಸೆದಿದೆ ಎಂದು ವಿವರಿಸಿದರು. ಈ ಪರೀಕ್ಷೆಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಹಿಂದೆ ಎರಡು ಸಲ ದುಡ್ಡು ಕೊಟ್ಟಾಗ ಒಮ್ಮೆಯೂ ನಾನು ಇದನ್ನು ಕಂಡಿರಲಿಲ್ಲ.

ಅವರ ಬಳಿ ನನ್ನ ಬೈಕಿನ ರಿಲೇ ಇರಲಿಲ್ಲ. ತರಲು ಹುಡುಗನನ್ನು ಬಿಡಿಭಾಗದ ಅಂಗಡಿಗೆ ಕಳುಹಿಸಿ, ಅವನು ಬರುವವರೆಗೆ ಹಳೆಯ ರಿಲೇಯ ತುದಿಯನ್ನು ಗರಗಸದಿಂದ ಸುತ್ತಲೂ ಕೊಯ್ದು ತೆರೆದರು. ಒಳಗಿನ ಬಿಲ್ಲೆಯನ್ನು ನನ್ನ ಅಂಗೈ ಮೇಲಿಟ್ಟು ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಂಟಾಣೆ ನಾಣ್ಯದಷ್ಟು ಅಗಲದ ಆ ತಾಮ್ರದ ಒಂದು ಅಂಚು ಕಾಡಿಗೆಯಂತೆ ಕಪ್ಪಾಗಿತ್ತು, ಇನ್ನೊಂದು ಅಂಚಿನಲ್ಲಿ ತಾಮ್ರ ಕರಗಿ ಸಾಸಿವೆ ಕಾಳಿನಷ್ಟು ಗಂಟು ಕಟ್ಟಿತ್ತು. ಬೋಲ್ಟಿನ ತಲೆಯಲ್ಲಿ ಆ ಗಂಟಿಗೆ ಸರಿಹೊಂದುವ ಕುಳಿಯೂ ಇತ್ತು. ಹೊಸದಾಗಿ ಹಾಕಿ ವರ್ಷವೂ ತುಂಬದ ರಿಲೇ ಅದು.

"ನೋಡಿ ಸ್ವಾಮಿ, ಇದು ಯಾಕೆ ಸುಡ್ತು ಅಂತ ಗೊತ್ತಾಗದೆ ಹೊಸದು ಹಾಕಿದ್ರೆ, ಅದೂ ಹಿಂಗೇ ಸುಡುತ್ತೆ" ಎಂದರು.

ಹೊಸ ರಿಲೇ ಕೂರಿಸಿದ ಮೇಲೆ ಅವರ ನಿಜವಾದ ಕೆಲಸ ಆರಂಭವಾಯಿತು. ಮಲ್ಟಿಮೀಟರ್ ಹಿಡಿದು, ನನ್ನಿಂದ ಗುಂಡಿ ಒತ್ತಿಸುತ್ತ ಒಂದೊಂದೇ ಜಾಗದಲ್ಲಿ ವೋಲ್ಟೇಜ್ ನೋಡತೊಡಗಿದರು. ಸುಮ್ಮನಿದ್ದಾಗ ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿತ್ತು, ಸೆಲ್ಫ್ ತಿರುಗುವಾಗ 10.2ಕ್ಕೆ ಇಳಿಯುತ್ತಿತ್ತು, ಈ ವಯಸ್ಸಿನ ಬ್ಯಾಟರಿಗೆ ಅದು ತಕ್ಕಮಟ್ಟಿಗೆ ಸರಿಯೇ. ಆದರೆ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಚಾಸಿಯ ಬರಿಯ ಕಬ್ಬಿಣಕ್ಕೆ ಹಿಡಿದು ಸೆಲ್ಫ್ ಒತ್ತಿಸಿದಾಗ 1.3 ವೋಲ್ಟ್ ಬಂತು. ಒಂದೇ ಅರ್ತ್‌ನ (ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯ) ಎರಡು ತುದಿಗಳ ನಡುವೆ ಇಷ್ಟು ವ್ಯತ್ಯಾಸ ಇರಬಾರದು, 0.2ರ ಒಳಗಿದ್ದರೆ ಅರ್ತ್ ಒಳ್ಳೆಯದೆಂದು ಲೆಕ್ಕ. ಹ್ಯಾಂಡಲ್ಲಿನ ಗುಂಡಿಯಲ್ಲಿ ಇನ್ನೂ 0.8 ವೋಲ್ಟ್ ಕಳೆದುಹೋಗುತ್ತಿತ್ತು. ಇವೆರಡನ್ನೂ ಕಳೆದರೆ ರಿಲೇಯ ಕಾಯಿಲ್‌ಗೆ ತಲುಪುತ್ತಿದ್ದದ್ದು ಸುಮಾರು 8 ವೋಲ್ಟ್ ಮಾತ್ರ.

ರೋಗದ ಮೂಲ ಇದೇ. ಕಾಯಿಲ್‌ಗೆ ವೋಲ್ಟೇಜ್ ಕಡಿಮೆಯಾದಾಗ ಅದರ ಎಳೆತ ದುರ್ಬಲವಾಗಿ, ತಾಮ್ರದ ಬಿಲ್ಲೆ ಬೋಲ್ಟ್‌ಗಳ ಮೇಲೆ ಗಟ್ಟಿಯಾಗಿ ಕೂರದೆ ಅದುರುತ್ತದೆ. ತಾಗಿ ಬಿಡುವ ಪ್ರತಿ ಕ್ಷಣದಲ್ಲೂ ಕಿಡಿ ಹಾರುತ್ತದೆ, ಕಿಡಿಗೆ ತಾಮ್ರ ಕರಗುತ್ತದೆ, ಕರಗಿದ ತಾಮ್ರ ಆರುವಾಗ ಎರಡನ್ನೂ ಬೆಸೆಯುತ್ತದೆ. ಬ್ಯಾಟರಿ ಸೊರಗಿದಾಗ ಕಟಕಟ ಎಂಬ ಸದ್ದು ಬಂದರೂ ಮತ್ತೆ ಮತ್ತೆ ಗುಂಡಿ ಒತ್ತುವ ಅಭ್ಯಾಸ ರಿಲೇಗೆ ಇಷ್ಟು ಕೆಟ್ಟದ್ದಾಗುವುದು ಈ ಕಾರಣಕ್ಕೇ. ನಾನೂ ಹಾಗೆ ಒತ್ತುತ್ತಿದ್ದವನೇ, ಈಗ ಬಿಟ್ಟಿದ್ದೇನೆ.

ನೆಗೆಟಿವ್ ಕೇಬಲ್ ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿದಾಗ, ಲಗ್‌ನ (ಕೇಬಲ್ ತುದಿಯ ಲೋಹದ ಬಳೆಯ) ಕೆಳಗೆ ತುಕ್ಕಿನ ಪದರ ಹುಡಿಹುಡಿಯಾಗಿ ಉದುರಿತು. ಮೇಲಿನಿಂದ ನೋಡಿದರೆ ಬೋಲ್ಟ್ ಬಿಗಿಯಾಗಿ, ಚೊಕ್ಕಟವಾಗಿಯೇ ಕಾಣುತ್ತಿತ್ತು. ಎಮೆರಿ ಕಾಗದದಿಂದ ಆ ಜಾಗವನ್ನು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಕೇಬಲ್‌ನ ಒಳಗಿನ ಎಳೆಗಳು ಹಸಿರುಗಟ್ಟಿದ್ದರಿಂದ ಹೊಸ ಕೇಬಲ್ ಮಾಡಿ, ಬಿಗಿದ ಮೇಲೆ ವ್ಯಾಸಲೀನ್ ಸವರಿದರು. ಗುಂಡಿಯ ಸ್ವಿಚ್ಚನ್ನು ಹೊಸದಕ್ಕೆ ಬದಲಾಯಿಸದೆ ಬಿಚ್ಚಿ ಶುಚಿಗೊಳಿಸಿದರು. ಮತ್ತೆ ಅಳೆದಾಗ ಅರ್ತ್‌ನಲ್ಲಿ 0.1, ಗುಂಡಿಯಲ್ಲಿ 0.2 ವೋಲ್ಟ್ ಮಾತ್ರ ನಷ್ಟವಾಗುತ್ತಿತ್ತು. ಸೆಲ್ಫ್ ತಿರುಗುವ ಸದ್ದೇ ಬೇರೆಯಾಗಿತ್ತು. ಇಷ್ಟು ವರ್ಷ ಮುಲುಗುತ್ತ ತಿರುಗುತ್ತಿದ್ದ ಎಂಜಿನ್ ಒಂದೇ ಏಟಿಗೆ ಎದ್ದಿತು. ಕೊನೆಗೆ ರೇಸ್ ಕೊಟ್ಟು ಬ್ಯಾಟರಿಯಲ್ಲಿ 14.2 ವೋಲ್ಟ್ ಚಾರ್ಜಿಂಗ್ ಬರುತ್ತಿರುವುದನ್ನು ನನಗೂ ತೋರಿಸಿ, ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಸರಿಯಿದೆ, ಅದನ್ನು ಯಾರಾದರೂ ಮಾರಲು ಬಂದರೆ ತೆಗೆದುಕೊಳ್ಳಬೇಡಿ ಎಂದರು.

ಒಟ್ಟು ಬಿಲ್ 980 ರೂಪಾಯಿ: ರಿಲೇಗೆ 480, ಕೇಬಲ್‌ಗೆ 150, ಮಜೂರಿ 350. ಮೂರು ಗಂಟೆಯ ಕೆಲಸಕ್ಕೆ ಈ ಮಜೂರಿ ಕಡಿಮೆಯೆಂದೇ ನನ್ನ ಭಾವನೆ. ಚೀಟಿಯಲ್ಲಿ ರಿಲೇಯ ಬೆಲೆಯ ಜೊತೆಗೆ ದುರಸ್ತಿಗೆ ಮೊದಲು ಮತ್ತು ನಂತರದ ವೋಲ್ಟೇಜ್ ಅಂಕಿಗಳನ್ನೂ ಬರೆದುಕೊಟ್ಟರು. ಅದನ್ನು ಆರ್‌ಸಿಯ ಜೊತೆಗೇ ಇಟ್ಟುಕೊಂಡಿದ್ದೇನೆ.

ಕೊರತೆಗಳನ್ನೂ ಹೇಳಬೇಕು. ಅಂಗಡಿಯಲ್ಲಿ ಬಿಡಿಭಾಗಗಳ ದಾಸ್ತಾನು ಬಹಳ ಕಡಿಮೆ, ತರಿಸುವುದಕ್ಕೇ ಒಂದು ಗಂಟೆ ಹೋಯಿತು. ಬಂದದ್ದು ಬೈಕಿನ ಕಂಪನಿಯ ರಿಲೇ ಅಲ್ಲ, ಹೊರಗಿನ ತಯಾರಿಕೆ. ಇದನ್ನು ಅವರೇ ಮೊದಲು ತಿಳಿಸಿ ನನ್ನ ಒಪ್ಪಿಗೆ ಕೇಳಿದರು. ಕೂರಲು ಒಂದು ಮರದ ಸ್ಟೂಲ್ ಬಿಟ್ಟರೆ ಬೇರೆ ವ್ಯವಸ್ಥೆಯಿಲ್ಲ, ಬೈಕನ್ನು ಬಿಚ್ಚುವುದು ರಸ್ತೆಯ ಅಂಚಿನಲ್ಲೇ ಆದ್ದರಿಂದ ಜೋರು ಮಳೆಯಲ್ಲಿ ಕೆಲಸ ನಿಲ್ಲುತ್ತದೆ. ಅವಸರದಲ್ಲಿರುವವರಿಗೆ ಇದು ಒಗ್ಗದ ಜಾಗ. ಮಧ್ಯೆ ಬಂದ ಆಟೋ ಚಾಲಕರೊಬ್ಬರನ್ನು "ನಾಳೆ ಬಾರಪ್ಪ, ಇದು ಅರ್ಧಕ್ಕೆ ಬಿಡೋ ಕೆಲಸ ಅಲ್ಲ" ಎಂದು ಅವರು ವಾಪಸ್ಸು ಕಳುಹಿಸಿದ್ದನ್ನು ಕಣ್ಣಾರೆ ಕಂಡೆ.

ಆಮೇಲೆ ಬೈಕು ನಾಲ್ಕು ಸಾವಿರ ಕಿಲೋಮೀಟರ್ ಓಡಿದೆ, ಅದರಲ್ಲಿ ಆಗುಂಬೆಯ ಮಳೆಯೂ ಸೇರಿದೆ. ಕಳೆದ ವಾರ ನಾನೇ ಮೀಟರ್ ಹಿಡಿದು ಚೀಟಿಯ ಅಂಕಿಗಳೊಂದಿಗೆ ಹೋಲಿಸಿದೆ: ಅರ್ತ್‌ನಲ್ಲಿ ಈಗಲೂ 0.1 ವೋಲ್ಟ್ ಮಾತ್ರ ನಷ್ಟವಿದೆ. ಬೆಂಗಳೂರು–ಮಂಗಳೂರು ದಾರಿಯಲ್ಲಿ ಹಳೆಯ ಬೈಕಿನ ವೈರಿಂಗ್ ತೊಂದರೆ ಎದುರಾದವರು ಈ ಅಂಗಡಿಗೆ ಧೈರ್ಯವಾಗಿ ಹೋಗಬಹುದು. ಕಂಪನಿಯ ರಿಲೇಯೇ ಬೇಕೆನ್ನುವವರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಶೋರೂಮಿನಲ್ಲೋ ಮೊದಲೇ ಕೊಂಡು ಜೊತೆಗೆ ಒಯ್ಯಿರಿ, ಬೆಳಿಗ್ಗೆ ಹತ್ತರೊಳಗೆ ತಲುಪಿರಿ. ಭಾನುವಾರ ಷಟರ್ ತೆರೆಯುವುದಿಲ್ಲ.