28 ದಿನ ಕಾಯಿಸಿದರು, ನಾನು ಮರೆತೇಬಿಟ್ಟೆ

ಅಮೆರಿಕದಲ್ಲಿ ಸಿನಿಮಾ ಬಾಡಿಗೆಗೆ ತಂದು ಮನೆಯಲ್ಲಿ ನೋಡುವುದು ನನಗೆ 16 ವರ್ಷದ ಚಟ. ಮೊದಲು ಅಂಚೆಯಲ್ಲಿ ಡಿಸ್ಕ್ ಕಳಿಸುವ ಸೇವೆ, ಆಮೇಲೆ ಕಾರ್ಡ್ ಉಜ್ಜಿದರೆ ಡಿಸ್ಕ್ ಉಗುಳುವ ಯಂತ್ರ, ಈಗ ಟಿವಿಯಲ್ಲೇ ಒಂದು ಗುಂಡಿ ಒತ್ತಿ ಪಡೆಯುವ ಬಾಡಿಗೆ. ಮೂರನ್ನೂ ಕೈಯಿಂದ ದುಡ್ಡು ಹಾಕಿ ಬಳಸಿದ್ದೇನೆ. ಚಿತ್ರ ಎಷ್ಟು ಸ್ಪಷ್ಟ, ಆಪ್ ಎಷ್ಟು ಚೆಂದ ಅಂತ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಹೇಳಬೇಕಿರುವುದು ಹೊಸ ಸಿನಿಮಾ ಬಾಡಿಗೆಗೆ ತಡವಾಗಿ ಬರುವುದರ ಬಗ್ಗೆ ಮಾತ್ರ.

ನನ್ನ ಹತ್ತಿರ ಒಂದು ಹಳೆ ನೋಟ್‌ಬುಕ್ ಇದೆ. ಎಡಗಡೆ ಸಿನಿಮಾ ಹೆಸರು, ಮಧ್ಯದಲ್ಲಿ ಅದರ ಡಿಸ್ಕ್ ಅಂಗಡಿಗೆ ಬಂದ ದಿನ, ಬಲಗಡೆ ನನ್ನ ಮನೆಗೆ ಬಂದ ದಿನ. ಸುಮ್ನೆ ಶುರು ಮಾಡಿದ್ದು. 2010ರ ಪುಟಗಳನ್ನು ಈಗ ತಿರುವಿದರೆ ಕೆಲವು ಸ್ಟುಡಿಯೊಗಳ ಸಿನಿಮಾಗಳ ಮುಂದೆ ಒಂದೇ ಕಥೆ. ಮಧ್ಯದ ತಾರೀಖಿಗೂ ಬಲಗಡೆಯ ತಾರೀಖಿಗೂ ಕನಿಷ್ಠ ನಾಲ್ಕು ವಾರ. ಅಮೆರಿಕದಲ್ಲಿ ಹೊಸ ಡಿಸ್ಕ್ ಬರುತ್ತಿದ್ದದ್ದು ಮಂಗಳವಾರ. ಬಾಡಿಗೆಗೆ ಸಿಗುತ್ತಿದ್ದದ್ದೂ ಮಂಗಳವಾರವೇ, ಆದರೆ ನಾಲ್ಕು ಮಂಗಳವಾರ ಆದ ಮೇಲೆ.

ಇದಕ್ಕೆ ಕಾರಣ ಆ ವರ್ಷ ಆದ ಒಪ್ಪಂದಗಳು. 2010ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೊ ಮತ್ತು ಆಗ ಅಂಚೆಯಲ್ಲಿ ಡಿಸ್ಕ್ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಕೈ ಕುಲುಕಿದವು. ಡಿಸ್ಕ್ ಮಾರಾಟಕ್ಕೆ ಬಂದ 28 ದಿನದ ತನಕ ಅದನ್ನು ಬಾಡಿಗೆಗೆ ಬಿಡುವಂತಿಲ್ಲ. ಏಪ್ರಿಲ್‌ನಲ್ಲಿ ಯೂನಿವರ್ಸಲ್, ಫಾಕ್ಸ್ ಕೂಡ ಅದೇ ದಾರಿ ಹಿಡಿದವು. 2012ರಲ್ಲಿ ವಾರ್ನರ್‌ಗೆ ಇದೂ ಸಾಲದಾಗಿ 28ನ್ನು 56 ಮಾಡಿತು.

ಸ್ಟುಡಿಯೊಗಳ ಲೆಕ್ಕ ಸರಳ. ಹೊಸ ಡಿಸ್ಕಿನ ವ್ಯಾಪಾರದ ದೊಡ್ಡ ಪಾಲು ಮೊದಲ ಕೆಲವು ವಾರದಲ್ಲೇ ಮುಗಿದುಹೋಗುತ್ತದೆ. ಒಂದು ಡಿಸ್ಕ್ ಮಾರಿದರೆ ಬರುವ ದುಡ್ಡು ಒಂದು ಬಾಡಿಗೆಯಿಂದ ಬರುವುದಕ್ಕಿಂತ ಎಷ್ಟೋ ಜಾಸ್ತಿ. ಆ ನಾಲ್ಕು ವಾರ ಬಾಡಿಗೆ ಬಾಗಿಲು ಮುಚ್ಚಿದರೆ ಆಸೆ ತಡೆಯದ ಜನ ಕೊಂಡೇ ಕೊಳ್ಳುತ್ತಾರೆ ಅಂತ.

ಆ ಜನರಲ್ಲಿ ನಾನೂ ಒಬ್ಬ ಅಂತ ಅವರು ಅಂದುಕೊಂಡಿರಬೇಕು. ನನ್ನ ಆಸೆಗೆ ಎರಡು ವಾರಕ್ಕಿಂತ ಜಾಸ್ತಿ ಆಯಸ್ಸಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಥಿಯೇಟರ್‌ನಲ್ಲಿ ತಪ್ಪಿಸಿಕೊಂಡ ಸಿನಿಮಾ, ಡಿಸ್ಕ್ ಬಂತು ಅಂತ ಜಾಹೀರಾತು ನೋಡಿದ ದಿನ ನೆನಪಾಗುತ್ತಿತ್ತು. ತಕ್ಷಣ ಲಿಸ್ಟಿಗೆ ಸೇರಿಸುತ್ತಿದ್ದೆ. ಅದರ ಮುಂದೆ ಇನ್ನೂ ಬಂದಿಲ್ಲ ಅಂತ ಒಂದು ಸಾಲು. ಮೊದಲ ವಾರ ದಿನಾ ನೋಡುತ್ತಿದ್ದೆ, ಎರಡನೇ ವಾರ ಒಂದು ಸಲ. ಮೂರನೇ ವಾರಕ್ಕೆ ಬೇರೆ ಯಾವುದೋ ಸಿನಿಮಾ ಮೇಲೆ ಮನಸ್ಸು ಹೋಗಿರುತ್ತಿತ್ತು. ಕೊನೆಗೆ ಕವರ್ ಮನೆಗೆ ಬಂದಾಗ ಇದನ್ನು ಯಾಕೆ ತರಿಸಿದೆ ಅಂತ ನಾನೇ ಯೋಚಿಸಬೇಕು. ಒಂದು ಡಿಸ್ಕ್ ಹೀಗೆ ಬಂದು, ಮೇಜಿನ ಮೇಲೆ ಹನ್ನೊಂದು ದಿನ ಕೂತು, ಕವರ್ ಕೂಡ ಒಡೆಸಿಕೊಳ್ಳದೆ ವಾಪಸ್ ಹೋಯಿತು. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಒಂದು ಸೊನ್ನೆ ಹಾಕಿದ್ದೇನೆ. ಅಂಥ ಸೊನ್ನೆಗಳು ಆ ವರ್ಷ ಒಂಬತ್ತು. ಅಂಗಡಿಯಿಂದ ಕೊಂಡ ಡಿಸ್ಕ್ ಒಂದೂ ಇಲ್ಲ.

ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಆ ನೋಟ್‌ಬುಕ್ಕೇ ನನ್ನ ಬಾಯಿ ಮುಚ್ಚಿಸುತ್ತದೆ. 2009ರಲ್ಲಿ ಯಾವ ತಡೆಯೂ ಇಲ್ಲದಿದ್ದಾಗ ಹೊಸ ಸಿನಿಮಾ ಬೇಗ ಸಿಗುತ್ತಿತ್ತಾ? ಇಲ್ಲ. ಮೊದಲ ದಿನವೇ ಎಲ್ಲರೂ ಮುಗಿಬೀಳುತ್ತಿದ್ದರು, ಕಾಪಿಗಳು ಸಾಲುತ್ತಿರಲಿಲ್ಲ. ಒಂದಕ್ಕೆ ಐದು ವಾರ, ಇನ್ನೊಂದಕ್ಕೆ ಏಳು ವಾರ ಕಾದಿದ್ದೇನೆ. 28 ದಿನಕ್ಕೆ ಒಪ್ಪಿದ್ದಕ್ಕೆ ಬದಲಾಗಿ ಬಾಡಿಗೆ ಕಂಪನಿಗೆ ಸಿಕ್ಕಿದ್ದು ಕಡಿಮೆ ಬೆಲೆಗೆ ಜಾಸ್ತಿ ಕಾಪಿ. ಹಾಗಾಗಿ 29ನೇ ದಿನ ಕೇಳಿದರೆ 31ನೇ ದಿನ ಮನೆ ಬಾಗಿಲಲ್ಲಿ ಇರುತ್ತಿತ್ತು. ಲೆಕ್ಕ ಹಾಕಿದರೆ ಕಾಯುವ ದಿನ ಅಷ್ಟೇನೂ ಹೆಚ್ಚಲಿಲ್ಲ, ಕೆಲವಕ್ಕೆ ಕಡಿಮೆಯೇ ಆಯಿತು. ಆದರೂ ಸಿಟ್ಟು ಬರುತ್ತಿತ್ತು. ಸಾಲಿನಲ್ಲಿ ನಿಂತು ಕಾಯುವುದು ಬೇರೆ, ಬಾಗಿಲು ಹಾಕಿಕೊಂಡು ನಿಲ್ಲಿಸಿದಾಗ ಕಾಯುವುದು ಬೇರೆ, ಅಲ್ವಾ?

ಯಂತ್ರದಿಂದ ಡಿಸ್ಕ್ ತರುವ ಕಾಲದಲ್ಲಿ ಒಂದು ತಮಾಷೆ ಇತ್ತು. ಅಮೆರಿಕದ ಕಾನೂನಿನ ಪ್ರಕಾರ ಕೊಂಡ ಡಿಸ್ಕನ್ನು ಬಾಡಿಗೆಗೆ ಕೊಡಲು ಸ್ಟುಡಿಯೊ ಒಪ್ಪಿಗೆ ಬೇಕಿಲ್ಲ. ಸ್ಟುಡಿಯೊ ಕೊಡಲ್ಲ ಅಂದರೆ ಅಂಗಡಿಗೆ ಹೋಗಿ ನಮ್ಮ ನಿಮ್ಮ ಹಾಗೆ ಕೊಂಡು ತಂದು ಯಂತ್ರಕ್ಕೆ ತುಂಬಬಹುದು. ಆ ಯಂತ್ರಗಳ ಕಂಪನಿ ರೆಡ್‌ಬಾಕ್ಸ್ ಹಾಗೇ ಮಾಡಿತ್ತು, ಸ್ಟುಡಿಯೊಗಳ ಮೇಲೆ ಕೇಸನ್ನೂ ಹಾಕಿತ್ತು. 2010ರಲ್ಲಿ ರಾಜಿಯಾಗಿ ಅದೂ 28 ದಿನಕ್ಕೆ ಒಪ್ಪಿತು. ಬ್ಲಾಕ್‌ಬಸ್ಟರ್ ಅನ್ನುವ ಬಾಡಿಗೆ ಅಂಗಡಿಗಳ ಕಂಪನಿ ಮಾತ್ರ ನಮ್ಮಲ್ಲಿ 28 ದಿನ ಮೊದಲೇ ಸಿಗುತ್ತದೆ ಅಂತ ಡಂಗುರ ಸಾರಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮೊದಲು ಸಿಗುವುದೇ ಎಲ್ಲಕ್ಕಿಂತ ಮುಖ್ಯ ಆಗಿದ್ದರೆ ಜನ ಅಲ್ಲಿಗೇ ಓಡಬೇಕಿತ್ತು. ಅದರ ಕಷ್ಟಕ್ಕೆ ಬೇರೆ ಕಾರಣಗಳೂ ಇದ್ದವು ಬಿಡಿ.

ತಡ ಮಾಡಿದ್ದು ಸಾಲದು ಅಂತ ಬಾಡಿಗೆ ಡಿಸ್ಕನ್ನೇ ಬೋಳಿಸಿದರು. ಮಾರುವ ಡಿಸ್ಕ್‌ನಲ್ಲಿ ಚಿತ್ರೀಕರಣದ ಕಥೆ, ಕತ್ತರಿಸಿದ ದೃಶ್ಯಗಳು ಎಲ್ಲ ಇರುತ್ತಿದ್ದವು. ಬಾಡಿಗೆಗೆಂದೇ ಮಾಡಿದ ಡಿಸ್ಕ್‌ನಲ್ಲಿ ಮೆನು ಅದೇ ಇರುತ್ತಿತ್ತು, ಎಕ್ಸ್‌ಟ್ರಾ ಅನ್ನುವ ಗುಂಡಿಯೂ ಇರುತ್ತಿತ್ತು. ಒತ್ತಿದರೆ ಒಂದು ಬೋರ್ಡ್: ಇದು ಬಾಡಿಗೆ ಡಿಸ್ಕ್, ಇದರಲ್ಲಿ ಸಿನಿಮಾ ಮಾತ್ರ ಇದೆ. ಗುಂಡಿಯನ್ನೇ ತೆಗೆದಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅದನ್ನು ಇಟ್ಟು ಒತ್ತಿಸಿ ಇಲ್ಲ ಅನ್ನುವುದು ಯಾವ ಮರ್ಯಾದೆ?

ಈಗಿನ ಟಿವಿ ಬಾಡಿಗೆಗೆ ಬಂದರೆ ಅಂಗಡಿಯಿಂದ ಕೊಂಡು ತರುವ ಆ ಹಿಂಬಾಗಿಲು ಇಲ್ಲ. ಸ್ಟುಡಿಯೊ ಯಾವಾಗ ಬಿಡುತ್ತದೋ ಆವಾಗಲೇ. ಎಷ್ಟೋ ಸಿನಿಮಾಗಳಿಗೆ ಮೊದಲು ಕೊಳ್ಳುವ ಗುಂಡಿ ಮಾತ್ರ ಬರುತ್ತದೆ, ಬಾಡಿಗೆ ಗುಂಡಿಗೆ ಇನ್ನೂ ಕೆಲವು ವಾರ. ಪೋಸ್ಟರ್ ಇದೆ, ಟ್ರೇಲರ್ ಇದೆ, ಬೆಲೆಯೂ ಇದೆ. ನಾವು ಕೇಳುವ ಬೆಲೆ ಮಾತ್ರ ಇಲ್ಲ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.

ಥಿಯೇಟರ್‌ನಿಂದ ಮನೆಗೆ ಬರುವ ಅಂತರ ಮಾತ್ರ ನಿಜಕ್ಕೂ ಕಡಿಮೆಯಾಗಿದೆ. ಮೊದಲು ಅದು ಮೂರು ತಿಂಗಳ ಹತ್ತಿರ ಇತ್ತು. 2020ರ ಏಪ್ರಿಲ್‌ನಲ್ಲಿ ಥಿಯೇಟರ್‌ಗಳು ಮುಚ್ಚಿದ್ದಾಗ ಯೂನಿವರ್ಸಲ್ ತನ್ನ ಒಂದು ಅನಿಮೇಷನ್ ಸಿನಿಮಾವನ್ನು ಅಮೆರಿಕದಲ್ಲಿ ನೇರ ಮನೆಗೇ ಬಿಟ್ಟಿತು. 48 ಗಂಟೆಗೆ 19.99 ಡಾಲರ್. ಅಲ್ಲಿನ ದೊಡ್ಡ ಥಿಯೇಟರ್ ಕಂಪನಿ ಎಎಂಸಿಯವರು ನಿಮ್ಮ ಸಿನಿಮಾನೇ ಹಾಕಲ್ಲ ಅಂತ ಮುನಿಸಿಕೊಂಡರು. ಜುಲೈನಲ್ಲಿ ಅವರೇ ಒಪ್ಪಂದಕ್ಕೆ ಬಂದರು: 17 ದಿನ, ಅಂದರೆ ಮೂರು ವಾರಾಂತ್ಯ ಥಿಯೇಟರ್‌ನಲ್ಲಿ ಓಡಿದ ಮೇಲೆ ಮನೆಗೆ ಬಿಡಬಹುದು. ಈಗ ತಾರೀಖಿನ ಬದಲು ಬೆಲೆ ನಮ್ಮನ್ನು ಕಾಯಿಸುತ್ತದೆ. ಮೊದಲು ದುಬಾರಿ ಬಾಡಿಗೆ, ಕೆಲವು ವಾರ ಬಿಟ್ಟು ಮಾಮೂಲಿ ಬಾಡಿಗೆ. ನನಗೆ ಇದು 28 ದಿನಕ್ಕಿಂತ ವಾಸಿ. ಮನೆಯಲ್ಲಿ ನಾಲ್ಕು ಜನ ಕೂತು ನೋಡುವುದಾದರೆ ದುಬಾರಿ ಬಾಡಿಗೆಯೂ ನಾಲ್ಕು ಟಿಕೆಟ್‌ಗಿಂತ ಅಗ್ಗ ಬೀಳಬಹುದು. ಒಬ್ಬರೇ ನೋಡುವವರು ಕಾಯಲಿ.

ಒಂದು ಎಚ್ಚರಿಕೆ. ಬಾಡಿಗೆ ಪಡೆದ ಮೇಲೆ ಶುರು ಮಾಡಲು ಸಾಮಾನ್ಯವಾಗಿ 30 ದಿನ ಇರುತ್ತದೆ. ಆದರೆ ಪ್ಲೇ ಒತ್ತಿದ ಗಳಿಗೆಯಿಂದ 48 ಗಂಟೆ ಮಾತ್ರ. ಸೌಂಡ್ ಸರಿ ಇದೆಯಾ ನೋಡೋಣ ಅಂತ ಶುಕ್ರವಾರ ರಾತ್ರಿ ಎರಡು ನಿಮಿಷ ಹಾಕಿದೆ. ಭಾನುವಾರ ರಾತ್ರಿ ಎಲ್ಲರೂ ಕೂತಾಗ ಮತ್ತೆ ದುಡ್ಡು ಕೇಳಿತು. ಅಷ್ಟು ದಿನ ಕಾದ ಸಿನಿಮಾ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಕ್ಷತ್ರ ಕೊಡಲೇಬೇಕು ಅಂದರೆ ಅಂಚೆ ಡಿಸ್ಕಿಗೆ ಐದಕ್ಕೆ ನಾಲ್ಕು, ಟಿವಿ ಬಾಡಿಗೆಗೆ ಮೂರು. ಹೊಸತು ಸಿಗದಿದ್ದಾಗ ಅಂಚೆಯಲ್ಲಿ ಹಳೆಯ ಸಿನಿಮಾಗಳ ಸಮುದ್ರವೇ ಇತ್ತು, ಆ ನಾಲ್ಕು ವಾರಗಳಲ್ಲಿ ನಾನು ಅದರಲ್ಲೇ ಈಜಿದೆ. ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ಕ್ಕೆ ಡಿಸ್ಕ್ ಕಳಿಸುವುದನ್ನೇ ನಿಲ್ಲಿಸಿತು, ಮರುವರ್ಷ ರೆಡ್‌ಬಾಕ್ಸ್ ಯಂತ್ರಗಳೂ ಹೋದವು.

ಇಷ್ಟು ವರ್ಷದಲ್ಲಿ ನಾನು ಕೊಂಡ ಡಿಸ್ಕ್ ಒಂದೇ ಒಂದು. ಅದೂ ಬಾಡಿಗೆಗೆ ಓಡಿ ಸವೆದ ಕಾಪಿ, ಬಾಡಿಗೆಯವರು ಹಳೆ ಸ್ಟಾಕ್ ಖಾಲಿ ಮಾಡುವಾಗ ಸಿಕ್ಕಿದ್ದು. ಆ ಮಾರಾಟದಲ್ಲಿ ಸ್ಟುಡಿಯೊಗೆ ಬಿಡಿಗಾಸೂ ಸಿಕ್ಕಿರಲಿಕ್ಕಿಲ್ಲ. ಎಕ್ಸ್‌ಟ್ರಾ ಒತ್ತಿದರೆ ಈಗಲೂ ಅದೇ ಬೋರ್ಡ್ ಬರುತ್ತದೆ.