ರಾವರ್‌ಸೈಡೆಯ ಅಟ್ಲಾಂಟಿಕ್ ಗೋಡೆ: ಬಿಡುವು ಮಾಡಿಕೊಂಡು ನೋಡಬೇಕಾದ ಬಯಲು ವಸ್ತುಸಂಗ್ರಹಾಲಯ

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಯುರೋಪಿನ ಪಶ್ಚಿಮ ಕರಾವಳಿಯುದ್ದಕ್ಕೂ ಕಟ್ಟಿದ ರಕ್ಷಣಾ ಸಾಲಾದ ಅಟ್ಲಾಂಟಿಕ್ ಗೋಡೆಯ ಬಂಕರ್‌ಗಳು ಇಂದಿಗೂ ಅಲ್ಲಲ್ಲಿ ಉಳಿದಿವೆಯಾದರೂ, ಹೆಚ್ಚಿನವು ಒಂಟಿಯಾಗಿ ಮರಳಿನಲ್ಲಿ ಅರ್ಧ ಹೂತುಹೋಗಿರುವುದರಿಂದ, ಅವು ಒಂದಕ್ಕೊಂದು ಹೇಗೆ ಹೊಂದಿಕೊಂಡು ಕೆಲಸ ಮಾಡುತ್ತಿದ್ದವೆಂಬುದು ನೋಡುವವರಿಗೆ ತಿಳಿಯುವುದಿಲ್ಲ. ಬೆಲ್ಜಿಯಂನ ಓಸ್ಟೆಂಡ್ ಬಳಿಯ ರಾವರ್‌ಸೈಡೆ ಈ ಕೊರತೆಯನ್ನು ನೀಗಿಸುತ್ತದೆ. ಇಲ್ಲಿನ ಮರಳದಿಬ್ಬಗಳ ನಡುವೆ ಸುಮಾರು 60 ಕಟ್ಟಡಗಳೂ ಅವುಗಳನ್ನು ಬೆಸೆಯುವ ಸುಮಾರು 2 ಕಿಲೋಮೀಟರ್ ಉದ್ದದ ಕಂದಕ, ಸುರಂಗಗಳೂ ಉಳಿದುಕೊಂಡಿವೆ. ಈ ಜಾಗ 1944ರಿಂದ 1950ರವರೆಗೆ ಬೆಲ್ಜಿಯಂನ ರಾಜಪ್ರತಿನಿಧಿಯಾಗಿದ್ದ ರಾಜಕುಮಾರ ಚಾರ್ಲ್ಸ್ ಅವರ ಎಸ್ಟೇಟಿಗೆ ಸೇರಿತ್ತು. ಬಂಕರ್‌ಗಳನ್ನು ಕೆಡವಲು ಅವರು ಒಪ್ಪದಿದ್ದುದರಿಂದಲೇ ಇವು ನಮಗೆ ದಕ್ಕಿವೆ.

ಮೊದಲು ಆಕೆನ್ ಫಿರಂಗಿ ನೆಲೆಯನ್ನು ನೋಡಬೇಕೆಂಬುದು ನನ್ನ ಸಲಹೆ. ಜರ್ಮನರು ಅದನ್ನು ಕಟ್ಟಿದ್ದು 1915ರಲ್ಲಿ, ಅಂದರೆ ಮೊದಲನೆಯ ಮಹಾಯುದ್ಧದ ಹೊತ್ತಿಗೆ. ಆಗ ಮುಖ್ಯ ಭಯವಿದ್ದದ್ದು ಸಮುದ್ರದಿಂದ ಬರುವ ಬ್ರಿಟಿಷ್ ಹಡಗುಗಳದ್ದಾದ್ದರಿಂದ ಫಿರಂಗಿಗಳನ್ನು ಮೇಲೆ ಸೂರಿಲ್ಲದ ಗುಂಡಿಗಳಲ್ಲಿ ನಿಲ್ಲಿಸಲಾಗಿತ್ತು. ಅಲ್ಲಿಂದ ಎರಡನೆಯ ಯುದ್ಧದ ಸಾಲ್ಟ್ಸ್‌ವೇಡೆಲ್ ನೋಯ್ ನೆಲೆಗೆ ಬಂದರೆ ಆತಂಕದ ದಿಕ್ಕೇ ಬದಲಾಗಿರುವುದು ಸ್ಪಷ್ಟವಾಗುತ್ತದೆ. ವಿಮಾನದಾಳಿಯನ್ನು ಎದುರಿಸಬೇಕಾದ ಆ ಕಾಲದಲ್ಲಿ ಅಟ್ಲಾಂಟಿಕ್ ಗೋಡೆಯ ಮುಖ್ಯ ಬಂಕರ್‌ಗಳ ಗೋಡೆ, ಮಾಳಿಗೆಗಳಿಗೆ ಸಾಮಾನ್ಯವಾಗಿ 2 ಮೀಟರ್ ದಪ್ಪದ ಕಾಂಕ್ರೀಟ್ ಹಾಕುತ್ತಿದ್ದರು. ಇಪ್ಪತ್ತೈದು ವರ್ಷಗಳ ಅಂತರದ ಎರಡು ಯುದ್ಧತಂತ್ರಗಳನ್ನು ಹೀಗೆ ಕಾಲ್ನಡಿಗೆಯಲ್ಲೇ ಹೋಲಿಸಿ ನೋಡಬಹುದಾದ ತಾಣ ಅಪರೂಪ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ರಾವರ್‌ಸೈಡೆಯ ನಿಜವಾದ ಹೆಚ್ಚುಗಾರಿಕೆ.

ಕೆಲವು ಕೋಣೆಗಳಲ್ಲಿ ಸಮವಸ್ತ್ರ ತೊಡಿಸಿದ ಬೊಂಬೆಗಳನ್ನಿಟ್ಟು ಸೈನಿಕರ ದಿನಚರಿಯನ್ನು ಮರುಸೃಷ್ಟಿಸಲಾಗಿದೆ. ಮಕ್ಕಳಿಗೆ ಇದು ಉಪಯುಕ್ತವೇ ಹೌದು. ಆದರೆ ಇಟ್ಟಿಗೆ ಕಟ್ಟಿದ ಇಕ್ಕಟ್ಟಿನ ಕಂದಕಗಳಲ್ಲಿ ನಡೆಯುವಾಗ ಆಗುವ ಅರಿವು ಬೊಂಬೆಗಳಿಂದ ಆಗುವುದಿಲ್ಲ. ನಾರ್ವೆಯಿಂದ ಸ್ಪೇನಿನ ಗಡಿಯವರೆಗೆ ಹಬ್ಬಿದ್ದ ಈ ರಕ್ಷಣಾ ಸಾಲಿನ ನಿರ್ಮಾಣದಲ್ಲಿ ಅಪಾರ ಸಂಖ್ಯೆಯ ಜನರನ್ನು ಬಲವಂತದಿಂದ ದುಡಿಸಿಕೊಳ್ಳಲಾಗಿತ್ತೆಂಬುದನ್ನು, ಫಿರಂಗಿಗಳ ಬೆರಗಿನಲ್ಲಿ, ಯಾರೂ ಮರೆಯಬಾರದು.

ಆಡಿಯೊ ಗೈಡ್ ಸಹಾಯದಿಂದ ನಿಧಾನವಾಗಿ ನೋಡಲು ಕನಿಷ್ಠ ಎರಡು ಗಂಟೆ ಬೇಕು. ಕರಾವಳಿ ಟ್ರಾಮ್‌ಗೆ ಹತ್ತಿರದಲ್ಲೇ ನಿಲ್ದಾಣವಿದೆ. ದಾರಿಯ ಬಹುಭಾಗ ಬಯಲಿನಲ್ಲಿರುವುದರಿಂದ ಗಾಳಿ ಮಳೆಗೆ ತಕ್ಕ ಉಡುಪು ಅಗತ್ಯ. ಮೆಟ್ಟಿಲು ಹತ್ತಿಳಿಯಲು ಕಷ್ಟವಾಗುವವರು ಹೊರಡುವ ಮುನ್ನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು.